ಸುದ್ದಿ ತಂದವಳ ಬಾಡಿಗೆ ಮನೆ

ಬೊಬ್ರುವಾಡದ ಮೊದಲ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಒಂದು ಜಗಳ. ಅಂಗಳದಲ್ಲಿ ಹೆಂಗಸರು ಗಂಟಲು ಹರಿಯುವಂತೆ ಕೂಗಾಡುತ್ತಿದ್ದರು. ಹಿಂದಿನ ಸಂಜೆಯಷ್ಟೇ ಟ್ರಂಕು, ಹಾಸಿಗೆ ಇಳಿಸಿಕೊಂಡು ಬಂದವಳು ನಾನು. ಯಾವ ಊರಿಗೆ ಬಂದು ಬಿದ್ದೆನಪ್ಪಾ ಎಂದು ಹೆದರುತ್ತಲೇ ಬಾಗಿಲು ತೆರೆದೆ. ಮಳೆ ಹನಿಯುತ್ತಿತ್ತು. ಮನೆಯ ಒಡತಿ ಸುಲೋಚನಕ್ಕ ತುಳಸಿಕಟ್ಟೆಯ ಹತ್ತಿರ, ಇನ್ನೊಬ್ಬಳು ರಸ್ತೆಯ ಆಚೆ ತನ್ನ ಮನೆಯ ಮೆಟ್ಟಿಲ ಮೇಲೆ. ನನ್ನ ಮುಖ ನೋಡಿ ಇಬ್ಬರೂ ಸುಮ್ಮನಾದರು.

"ಎಂತಾ ಆಯ್ತು ಅಕ್ಕೋರೇ? ನಿದ್ದೆ ಬರ್ಲಿಲ್ವಾ?"

"ಏನೋ ಜಗಳ ನಡೆದದ ಅನ್ನಿಸ್ತು…"

ಸುಲೋಚನಕ್ಕ ಬಗ್ಗಿ ಬಗ್ಗಿ ನಕ್ಕಳು. "ಜಗಳ ಅಲ್ಲ ಮಾರಾಯ್ರೇ! ನಿಮ್ಮನೀಲಿ ಕರೆಂಟ್ ಇತ್ತಾ ಹೇಳಿ ಗುಲಾಬಿ ಹತ್ರ ಕೇಳ್ದೆ."

ಅದು ಬರೀ ಮಾತು. ಗಾಳಿಗೆ, ಮಳೆಗೆ, ಮೊರೆಯುವ ನೀರಿಗೆ ಎದುರಾಗಿ ಆಡಿ ಆಡಿ ಪಳಗಿದ ಗಂಟಲುಗಳ ಮಾತು. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು. ನನ್ನ ಪಾಲಿಗೆ ಬಂದ ವಿಷಯ ಪಾಶ್ಚಾತ್ಯ ರಂಗಭೂಮಿಯ ಇತಿಹಾಸ, ಪ್ರಾಚೀನ ಗ್ರೀಕರಿಂದ ಹಿಡಿದು ರೊಮ್ಯಾಂಟಿಕ್ ಕಾಲದವರೆಗೆ. ಗುಡ್ಡದ ಇಳಿಜಾರಿನಲ್ಲಿ ಸಾವಿರಾರು ಜನ ಕೂತಿರುತ್ತಿದ್ದರು, ಮೈಕು ಇರಲಿಲ್ಲ, ನಟನ ದನಿ ಬಯಲಲ್ಲಿ ಕೊನೆಯ ಸಾಲಿಗೂ ಮುಟ್ಟಬೇಕಿತ್ತು ಎಂದು ಎಷ್ಟೋ ವರ್ಷ ಬಾಯಿಪಾಠದಂತೆ ಹೇಳಿಕೊಂಡು ಬಂದಿದ್ದೆ. ಅಂಥ ದನಿ ಹೇಗಿರುತ್ತದೆ ಎಂದು ಕಿವಿಯಾರೆ ಕೇಳಿದ್ದು ಅವತ್ತೇ. ಕೇಳಿ ಖುಷಿಯಾಗಲಿಲ್ಲ. ತಲೆನೋವು ಬಂತು. ಒಳಗೆ ಹೋಗಿ ಮತ್ತೆ ಮಲಗಿದೆ.

ರಾಯಚೂರು ಕಡೆಯ ಮಾನ್ವಿಯಲ್ಲಿರುವ ನನ್ನ ತಮ್ಮ, ಅವನ ಹೆಂಡತಿ ಫೋನ್ ಮಾಡಿದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಲ್ಲೆಂಗದ?" ಫೋನಿನಲ್ಲಿ "ಚೊಲೋ ಅದ" ಎಂದು ಮುಗಿಸಿಬಿಡುತ್ತೇನೆ. ಮುಗಿಯದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಕಾಲೇಜಿನಲ್ಲಿ ನಾಟಕದ ಪಾಠವನ್ನು ಕೈಬಿಟ್ಟರು, ಕಾರವಾರದ ಒಂದು ಖಾಸಗಿ ಕಾಲೇಜಿನಲ್ಲಿ ಅದಿನ್ನೂ ಇತ್ತು. ಹೀಗೆ ಐವತ್ತರ ಹತ್ತಿರದ ಒಂಟಿ ಹೆಂಗಸು ಬಿಸಿಲಿನ ಊರಿನಿಂದ ಮಳೆಯ ಊರಿಗೆ ಬಂದೆ. ಕಾರವಾರದಲ್ಲಿ ಮನೆ ಸಿಗಲಿಲ್ಲ. ಒಂಟಿ ಹೆಂಗಸೆಂದು ಕೆಲವರು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಉಳಿದ ಕಡೆ ಬಾಡಿಗೆ ಗೋವಾದವರಿಗೂ ನೌಕಾನೆಲೆಯವರಿಗೂ ಹೊಂದುವಂಥದ್ದು. ಕೊನೆಗೆ ಸಹೋದ್ಯೋಗಿಯೊಬ್ಬರು ಅಂಕೋಲೆಯ ಪಕ್ಕದ ಬೊಬ್ರುವಾಡದಲ್ಲಿ ಈ ಮನೆ ತೋರಿಸಿದರು. ಸುಲೋಚನಕ್ಕನ ಗಂಡ ಈಶ್ವರಣ್ಣ ಮೀನು ಹಿಡಿಯುವವನು. ಮನೆಯ ಹಿಂಭಾಗಕ್ಕೆ ಎರಡು ಕೋಣೆ ಕೂಡಿಸಿ ಬಾಡಿಗೆಗಿಟ್ಟಿದ್ದರು.

ಮನೆ ನೋಡಲು ಹೋದಾಗ ಸುಲೋಚನಕ್ಕ ಕೇಳಿದ್ದು ನನ್ನ ಕೆಲಸವನ್ನಲ್ಲ, ಮದುವೆಯನ್ನೂ ಅಲ್ಲ.

"ಮೀನ್ ತಿಂತ್ರಾ?"

"ಇಲ್ಲ."

"ಹಂಗಾರೆ ನಮ್ಮನೀಲಿ ಹೆಂಗ್ ಇರ್ತ್ರಿ? ಒಣಮೀನ್ ವಾಸನಿ ಬರ್ತದೆ. ಆಮೇಲೆ ಹೇಳಿಲ್ಲ ಹೇಳಿ ಹೇಳ್ಬೇಡಿ."

ಈ 'ಹೇಳಿ' ನನ್ನನ್ನು ಬಹಳ ದಿನ ಕಾಡಿತು. ನಾವು 'ಅಂತ' ಅನ್ನುವ ಕಡೆಯಲ್ಲೆಲ್ಲ ಇವರು 'ಹೇಳಿ' ಅನ್ನುತ್ತಾರೆ. ಯಾರೋ ನನ್ನನ್ನು ಏನೋ ಹೇಳು ಎನ್ನುತ್ತಿದ್ದಾರೆ ಎಂದುಕೊಂಡು ಮಾತಿನ ನಡುವೆ ಬಾಯಿ ಹಾಕಿ ನಗೆಗೀಡಾಗುತ್ತಿದ್ದೆ. ಇನ್ನೊಂದು, ಹೆಂಗಸರನ್ನು 'ಅದು' ಅನ್ನುವುದು. "ಗುಲಾಬಿ ಬಂತಾ?" "ಅದು ಪೇಟೆಗೆ ಹೋಯ್ತು." ನಮ್ಮ ಕಡೆ ಹೀಗಂದರೆ ಹೊಡೆದಾಟವಾದೀತು. ಇಲ್ಲಿ ಅದು ಸಲಿಗೆ. ನನ್ನನ್ನು ಮಾತ್ರ ಯಾರೂ 'ಅದು' ಅನ್ನುತ್ತಿರಲಿಲ್ಲ. ನಾನು 'ಅಕ್ಕೋರು'. ಈ ಕಡೆ ಪಾಠ ಹೇಳುವ ಹೆಂಗಸಿಗೆ ಹಾಗೆನ್ನುತ್ತಾರೆ. ಮರ್ಯಾದೆ ದೊಡ್ಡದು, ಆದರೆ ಅದರಲ್ಲಿ ಒಬ್ಬಳೇ ಇರಬೇಕು.

ಊಟದ ವಿಷಯ ಹೇಳದೆ ಬಿಟ್ಟರೆ ನನ್ನ ನಾದಿನಿ ಬೈದಾಳು. ಇಲ್ಲಿ ಜೋಳದ ಹಿಟ್ಟು ಸಿಗುವುದೇನೋ ಸಿಗುತ್ತದೆ, ಆದರೆ ಮಳೆಗಾಲದಲ್ಲಿ ಡಬ್ಬಿಯೊಳಗೇ ಮುಗ್ಗಿ ಹುಳ ಬೀಳುತ್ತದೆ. ಮೊದಲ ತಿಂಗಳು ತಟ್ಟಿದ ರೊಟ್ಟಿಗಳೆಲ್ಲ ನಡುವೆ ಸೀಳಿ ಹೆಂಚಿಗೆ ಹತ್ತಿದವು. ಸುಲೋಚನಕ್ಕ ಬಾಗಿಲಲ್ಲಿ ನಿಂತು ನೋಡಿ, "ಇದೆಂತಾ ಕೆಲ್ಸ ಅಕ್ಕೋರೇ, ಉಂಬುದಕ್ಕೆ ಇಷ್ಟ್ ಬಡಿಯುದಾ?" ಎಂದು ಕುಚ್ಚಿಗೆ ಅಕ್ಕಿಯ ಗಂಜಿ, ಬರೀ ಉಪ್ಪಿನಲ್ಲಿಟ್ಟ ಮಾವಿನ ಮಿಡಿ ತಂದಿಟ್ಟಳು. ದಪ್ಪ ಕೆಂಪು ಅಗುಳು ಗಂಟಲಲ್ಲಿ ಇಳಿಯದೆ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಬಂತು ಎಂದೆ. ಗಂಜಿಯಲ್ಲಿ ಖಾರವೆಲ್ಲಿಂದ ಬರಬೇಕು? ಮರುದಿನವೂ ತಂದಿಟ್ಟಳು. ಮೂರು ತಿಂಗಳಲ್ಲಿ ನಾನು ಸಾಧಿಸಿದ್ದು ಇಷ್ಟೇ: ಗಂಜಿ ಇಳಿಯತೊಡಗಿತು, ಒಣಮೀನಿನ ವಾಸನೆ ಮೂಗಿಗೆ ಹತ್ತದಾಯಿತು, ಅಂಗಳದ ಕೂಗಾಟಕ್ಕೆ ಎಚ್ಚರಾಗದೆ ನಿದ್ದೆ ಮಾಡಲು ಕಲಿತೆ.

ದಿನವೂ ಬಸ್ಸಿನಲ್ಲಿ ಕಾರವಾರಕ್ಕೆ. ಕೂರಲು ಸೀಟು ಸಿಕ್ಕರೆ ಅಂದಿನ ಪಾಠ ನೆನೆಸಿಕೊಳ್ಳುತ್ತಿದ್ದೆ. ಅವರ್ಸಾ ದಾಟುವಾಗ ಗ್ರೀಕರು ಮುಖವಾಡ ಹಾಕಿಕೊಳ್ಳುತ್ತಿದ್ದರು, ಅಮದಳ್ಳಿಯ ಹತ್ತಿರ ಅವರ ಮೇಳದವರು ಸಾಲುಗಟ್ಟಿ ಬರುತ್ತಿದ್ದರು, ಬಿಣಗಾ ಇಳಿಯುವಾಗ ಯಾರಾದರೂ ನನ್ನ ಮೇಲೆ ಒರಗಿ ನಿದ್ದೆ ಹೋಗಿರುತ್ತಿದ್ದರು. ಸೀರೆಯ ಅಂಚು ಒದ್ದೆ, ಕೊಡೆಯಿಂದ ತೊಟ್ಟಿಕ್ಕುವ ನೀರು ಪಕ್ಕದವರ ಕಾಲಿಗೆ. ಕ್ಲಾಸಿಗೆ ಹೋಗುವಷ್ಟರಲ್ಲಿ ಅರ್ಧ ಜೀವ.

ಮಕ್ಕಳೂ ನನ್ನಷ್ಟೇ ದಣಿದವರು. ಗೋವಾ ಗಡಿಗೆ ಹತ್ತಿರದ ಮಾಜಾಳಿಯ ಕಡೆಯಿಂದ ಬರುವ ಹುಡುಗ ಹುಡುಗಿಯರ ಮನೆಗಳಲ್ಲಿ ಅಪ್ಪನೋ ಅಣ್ಣನೋ ಬೆಳಿಗ್ಗೆ ಎದ್ದು ಗೋವಾದ ಕೆಲಸಕ್ಕೆ ಹೋಗಿ ಸಂಜೆ ಮರಳುವವರು. ಇವರೂ ಡಿಗ್ರಿ ಮುಗಿದರೆ ಅದೇ ದಾರಿ. ಸತ್ತು ಹೋದ ದೇಶದ ಸತ್ತು ಹೋದ ನಾಟಕಗಳು ಅವರಿಗೇಕೆ? ನಾನೂ ಅವರನ್ನು ಕೆಣಕಲಿಲ್ಲ. ಗ್ರೀಕರ ನಾಟಕದಲ್ಲಿ ಸಾವು ರಂಗದ ಮೇಲೆ ನಡೆಯುವುದು ತೀರ ಅಪರೂಪ, ಅದು ಎಲ್ಲೋ ಮರೆಯಲ್ಲಿ ನಡೆದು ಹೋಗುತ್ತದೆ, ಒಬ್ಬ ದೂತ ಓಡಿ ಬಂದು ನಡೆದದ್ದನ್ನು ಹೇಳುತ್ತಾನೆ ಎಂದು ಬರೆಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸಾಯೂದ್ ತೋರ್ಸೂದಿಲ್ಲ ಅಂದ್ರೆ ಟಿಕೆಟ್ ಎಂತಕ್ಕೆ ಮೇಡಂ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ದೂತನ ಮಾತಿನ ಲಕ್ಷಣಗಳನ್ನು ಬೋರ್ಡಿನ ಮೇಲೆ ಬರೆದೆ: ಆತ ಕಣ್ಣಾರೆ ಕಂಡವನು, ಆದಿಯಿಂದ ಅಂತ್ಯದವರೆಗೆ ವಿವರವಾಗಿ ಹೇಳುವವನು, ಅವನ ಮಾತು ನಾಟಕದ ಅತ್ಯಂತ ಪಳಗಿದ ಭಾಗ. ಮುಂದಿನ ಸಾಲಿನ ದೀಪ್ತಿ ಎಂಬ ಹುಡುಗಿ ಮಾತ್ರ ಕೆಳಗೆ ಗೆರೆ ಎಳೆದುಕೊಂಡಳು. ಅವಳು ಎಲ್ಲದಕ್ಕೂ ಗೆರೆ ಎಳೆಯುತ್ತಿದ್ದಳು.

ಶ್ರಾವಣ ಬಂತು. ಪಾಠ ರೋಮನ್ನರಿಗೆ ಬಂದಿತ್ತು. ಬಯಲುರಂಗಕ್ಕೆ ನೀರು ತುಂಬಿಸಿ, ಹಡಗು ತೇಲಿಸಿ, ಸೆರೆಯಾಳುಗಳನ್ನು ಬಡಿದಾಡಿಸಿ ಅವರು ಸಮುದ್ರಯುದ್ಧದ ಮೋಜು ನೋಡುತ್ತಿದ್ದರಂತೆ. ಆ ವಾರ ನನಗೆ ಜ್ವರ. ರಜೆ ಹಾಕಿ ಮನೆಯಲ್ಲಿದ್ದೆ. ಸುಲೋಚನಕ್ಕನೂ ಗುಲಾಬಿಯೂ ಬೆಳಿಗ್ಗೆಯೇ ಬುಟ್ಟಿ ಹೊತ್ತು ಅಂಕೋಲೆಯ ಮೀನುಪೇಟೆಗೆ ಹೋಗಿದ್ದರು. ಈಶ್ವರಣ್ಣನೂ ಗುಲಾಬಿಯ ಗಂಡ ಮೋಹನನೂ ಒಂದೇ ದೋಣಿಯವರು. ರಕ್ತಸಂಬಂಧವಿಲ್ಲದಿದ್ದರೂ ಮೋಹನ ಈಶ್ವರಣ್ಣನನ್ನು ಭಾವ ಎಂದೇ ಕರೆಯುತ್ತಿದ್ದ.

ಹನ್ನೊಂದು ಗಂಟೆಯ ಹೊತ್ತಿಗೆ ಯಾರೋ ಅಂಗಳದಲ್ಲಿ "ಸುಲೋಚನಾ!" ಎಂದು ಕೂಗಿದರು. ಹೊರಗೆ ಬಂದೆ. ದಂಡೆಯಲ್ಲಿ ಬಲೆ ಸರಿಮಾಡುವ ಪಾಂಡುರಂಗಣ್ಣ. ಮೈತುಂಬ ಮರಳು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

"ಅದು ಪೇಟೆಗೆ ಹೋಗಿದೆ" ಅಂದೆ. ಅವತ್ತು ಮೊದಲ ಸಲ ನನ್ನ ಬಾಯಲ್ಲಿ 'ಅದು' ಬಂತು.

"ಅಕ್ಕೋರೇ, ದೋಣಿ ಮಗುಚ್ತು. ಅಳಿವೆ ಬಾಯಲ್ಲೇ, ತೆರಿ ಹೊಡ್ದು." ಹಳ್ಳ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಅನ್ನುತ್ತಾರೆ, ಅಲ್ಲಿ ತೆರೆಗಳು ಎದುರಾಬದುರಾಗಿ ಬಡಿಯುತ್ತವೆ. "ಮೋಹನನ್ನ ಬೇರೆ ದೋಣಿಯವ್ರು ಎಳ್ಕೊಂಡ್ರು, ನಾ ನೋಡ್ದೆ. ಈಶ್ವರ ಸಿಕ್ಕಿಲ್ಲ."

ನಾನು ಫೋನ್ ತರಲು ಒಳಗೆ ತಿರುಗಿದೆ.

"ನೀವ್ ಹೋಗಿ ಸುಲೋಚನಂಗೆ ಹೇಳಿ. ನನ್ನ ಹತ್ರ ಆಗೂದಿಲ್ಲ. ಫೋನ್‌ನಲ್ಲಿ ಬೇಡ." ಅಷ್ಟು ಹೇಳಿ ಆತ ದಂಡೆಯ ಕಡೆ ಓಡಿದ.

ರಿಕ್ಷಾ ಹಿಡಿದೆ. ಇದ್ದದ್ದು ಸ್ವಲ್ಪವೇ ದಾರಿ. ಆ ದಾರಿಯುದ್ದಕ್ಕೂ ಒಂದು ವಾಕ್ಯ ಜೋಡಿಸಲು ಹೆಣಗಿದೆ. 'ಒಂದು ಸುದ್ದಿ ಇದೆ' ಎನ್ನಲೇ? 'ಧೈರ್ಯ ತಂದುಕೊಳ್ಳಿ' ಎನ್ನಲೇ? ಇವರ ಮಾತಿನಲ್ಲಿ ಹೇಳಲೇ, ನನ್ನ ಮಾತಿನಲ್ಲೇ? ಯಾವ ಶಬ್ದವನ್ನು ಮೊದಲು ಇಡಬೇಕು? ಪೇಟೆ ಬಂದರೂ ನನ್ನ ಹತ್ತಿರ ವಾಕ್ಯವಿರಲಿಲ್ಲ.

ಮೀನುಪೇಟೆಯೊಳಗೆ ನಾನು ಕಾಲಿಟ್ಟದ್ದೂ ಅವತ್ತೇ ಮೊದಲು. ಸುಲೋಚನಕ್ಕ, ಗುಲಾಬಿ ಅಕ್ಕಪಕ್ಕ ಕೂತಿದ್ದರು. ನನ್ನನ್ನು ಮೊದಲು ಕಂಡದ್ದು ಗುಲಾಬಿ. "ಹೋಯ್, ನೋಡಿ ನೋಡಿ! ಅಕ್ಕೋರು ಮೀನ್ ಪೇಟೆಗೆ ಬಂದ್ರು! ಬಾಂಗಡೆ ಬೇಕಾ, ತಾರ್ಲೆ ಬೇಕಾ?" ಸುತ್ತಲಿನವರೆಲ್ಲ ನಕ್ಕರು. ಸುಲೋಚನಕ್ಕನೂ ನಗುತ್ತಲೇ ತಲೆ ಎತ್ತಿದಳು.

ನಾನು ಹೇಳಿದ್ದು ಇಷ್ಟು: "ಏಳ್ರಿ ಯಕ್ಕಾ. ಮನೀಗೆ ಹೋಗೂಣು ನಡೀರಿ."

ಮಾನ್ವಿಯ ಮಾತು. ಅದರಲ್ಲಿ ಸುದ್ದಿ ಏನೂ ಇರಲಿಲ್ಲ. ಆಕೆಯ ನಗು ನಿಂತಿತು.

"ಯಾರು?" ಅಂದಳು.

"ದೋಣಿ ಮಗಚ್ಯಾದ. ಮೋಹನ ಸಿಕ್ಕಾನಂತ. ಈಶ್ವರಣ್ಣ… ಇನ್ನಾ ಸಿಕ್ಕಿಲ್ಲ."

ಸುಲೋಚನಕ್ಕ ಅಳಲಿಲ್ಲ. ಮೀನಿನ ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಚುಗಳನ್ನು ಒಳಗೆ ಸಿಕ್ಕಿಸಿದಳು. ಗುಲಾಬಿ ತನ್ನ ಬುಟ್ಟಿಯನ್ನು ಹಾಗೇ ಬಿಟ್ಟು ಬಂದು ಆಕೆಯ ಕಂಕುಳಿಗೆ ಕೈಕೊಟ್ಟು ಎತ್ತಿದಳು. ನಾವು ಹೊರಗೆ ಬರುವಷ್ಟರಲ್ಲಿ ನಾಲ್ಕಾರು ಹೆಂಗಸರು ಬುಟ್ಟಿಗಳನ್ನು ಪಕ್ಕದವರಿಗೆ ಒಪ್ಪಿಸಿ ಹಿಂದೆ ಬರತೊಡಗಿದ್ದರು.

ರಿಕ್ಷಾದಲ್ಲಿ ಸುಲೋಚನಕ್ಕ ನಡುವೆ, ನಾನೂ ಗುಲಾಬಿಯೂ ಎರಡು ಬದಿಗೆ. "ಮೊದಲಿಂದ ಹೇಳಿ ಅಕ್ಕೋರೇ" ಅಂದಳು ಸುಲೋಚನಕ್ಕ. ನನಗೆ ಗೊತ್ತಿದ್ದದ್ದನ್ನು ಹೇಳಿದೆ. "ಇನ್ನೊಂದ್ ಸಲ ಹೇಳಿ." ಮತ್ತೆ ಅದನ್ನೇ ಹೇಳಿದೆ. ಯಾವ ಕಡೆ ಮಗುಚಿತು, ಕಿರುಚಿದನಾ, ದೋಣಿ ಎಲ್ಲಿದೆ, ಯಾರು ಯಾರು ಹುಡುಕುತ್ತಿದ್ದಾರೆ ಎಂದು ಕೇಳುತ್ತಲೇ ಇದ್ದಳು. ಒಂದೂ ನನಗೆ ಗೊತ್ತಿರಲಿಲ್ಲ. ನಾನು ಏನನ್ನೂ ಕಂಡಿರಲಿಲ್ಲ.

ಗುಲಾಬಿ ಆಕೆಯ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು ಕೂತಿದ್ದಳು. "ಸಿಕ್ತ್ರು, ಸುಮ್ನಿರು. ಮೋಹನ ಸಿಕ್ಕಿದ ಅಲ್ವಾ? ಅಂವ ಭಾವನ್ನ ಬಿಟ್ಟು ಬರೂ ಜಾತಿ ಅಲ್ಲ. ಈಗ ಮತ್ತೆ ನೀರಿಗೆ ಹಾರಿರ್ತ, ನೋಡು ಬೇಕಾರೆ."

ದಂಡೆಯಲ್ಲಿ ಜನ ಗುಂಪುಗಟ್ಟಿದ್ದರು. ಮಳೆ ಜೋರಾಗಿತ್ತು. ನಾವು ಹತ್ತಿರ ಹೋದಂತೆ ಗುಂಪು ಎರಡಾಗಿ ಸರಿದು ದಾರಿ ಬಿಟ್ಟಿತು. ನಡುವೆ, ಎಳೆದು ಹಾಕಿದ ದೋಣಿಯೊಂದರ ಮರೆಗೆ, ಕಂಬಳಿ ಹೊದ್ದು ನಡುಗುತ್ತ ಕೂತಿದ್ದವನು ಈಶ್ವರಣ್ಣ.

ಪಾಂಡುರಂಗಣ್ಣ ದೂರದಿಂದ ನೋಡಿದ್ದ. ನಡುವೆ ಮಳೆಯ ಪರದೆ. ಇಬ್ಬರಲ್ಲಿ ಚೆನ್ನಾಗಿ ಈಜುವವನು ಮೋಹನನೇ ಆದ್ದರಿಂದ ಸಿಕ್ಕಿದವನು ಮೋಹನನೇ ಎಂದುಕೊಂಡಿದ್ದ. ಇದೆಲ್ಲ ಆಮೇಲೆ ತಿಳಿದದ್ದು. ಈಶ್ವರಣ್ಣ ತಲೆ ಎತ್ತಿ ಹೆಂಡತಿಯನ್ನು ನೋಡಿದ. ಪಕ್ಕದಲ್ಲಿದ್ದ ಗುಲಾಬಿಯನ್ನು ನೋಡಿದ. ತಲೆ ತಗ್ಗಿಸಿದ.

ಸುಲೋಚನಕ್ಕ ಗಂಡನ ಕಡೆಗೆ ಎರಡು ಹೆಜ್ಜೆ ಓಡಿದವಳು ನಿಂತುಬಿಟ್ಟಳು. ಹಿಂದಿರುಗಿದಳು. ಗುಲಾಬಿ ಇದ್ದಲ್ಲೇ ನಿಂತು, "ಮೋಹನ ಎಲ್ಲಿ? ಅಂವ ಸಿಕ್ಕಿದ ಹೇಳಿದ್ರಲ್ಲಾ" ಎಂದು ನನ್ನನ್ನು ಕೇಳಿದಳು. ನನ್ನನ್ನೇ. ಸುಲೋಚನಕ್ಕ ಬಂದು ಅವಳನ್ನು ಎರಡೂ ಕೈಯಿಂದ ಬಾಚಿ ತಬ್ಬಿದಳು. ಬದುಕಿ ಬಂದ ಗಂಡನನ್ನು ಆಕೆ ಆಮೇಲೆ ಬಹಳ ಹೊತ್ತು ಮುಟ್ಟಲೇ ಇಲ್ಲ. ಅವನು ಒಬ್ಬನೇ ಕಂಬಳಿ ಹೊದ್ದು ಕೂತಿದ್ದ. ಪೇಟೆಯಿಂದ ಬಂದ ಹೆಂಗಸರು ಗುಲಾಬಿಯ ಸುತ್ತ ಕೂತರು. ಅವಳ ದನಿ ಎದ್ದಾಗ ಅವರ ದನಿಯೂ ಎದ್ದಿತು. ಆ ದನಿಯನ್ನು ನಾನು ವರ್ಣಿಸಲಾರೆ, ವರ್ಣಿಸಲೂಬಾರದು.

ಮೋಹನನ ದೇಹ ಮರುದಿನ ಹಾರವಾಡದ ಕಡೆಯ ದಂಡೆಗೆ ಬಂತು.

ನಾನು ತಪ್ಪು ಮಾಡಿದೆನೇ? ಇಲ್ಲ ಎಂದು ಎಲ್ಲರೂ ಹೇಳಿದರು. ಪಾಂಡುರಂಗಣ್ಣ ಬಂದು ಕೈ ಹಿಡಿದು ಅತ್ತ. ಆದರೂ ಆ ಹೆಸರುಗಳನ್ನು ಪೇಟೆಯ ನಡುವೆ ಉಚ್ಚರಿಸಿದ ಬಾಯಿ ನನ್ನದು. ಓಣಿಯಲ್ಲಿ ನನ್ನನ್ನು ಕಂಡಾಗ ಜನ ಮೊದಲಿನಂತೆಯೇ "ಕಾಲೇಜಿಗೆ ಹೊರಟ್ರಾ?" ಅನ್ನುತ್ತಿದ್ದರು. ಗುಲಾಬಿಯ ಮನೆಯ ಬಾಗಿಲು ಮಾತ್ರ ನಾನು ಹೊರಡುವ ಹೊತ್ತಿಗೆ ಮುಚ್ಚಿರುತ್ತಿತ್ತು. ಅದು ನನಗಾಗಿ ಮುಚ್ಚಿದ್ದೋ, ಸುಮ್ಮನೆ ಮುಚ್ಚಿದ್ದೋ ತಿಳಿಯುತ್ತಿರಲಿಲ್ಲ. ತಲೆ ಬಗ್ಗಿಸಿಕೊಂಡು ಬಸ್ಸಿಗೆ ನಡೆಯುತ್ತಿದ್ದೆ. ನಮ್ಮ ಊರಲ್ಲಾಗಿದ್ದರೆ ಹೋಗಿ ಕಾಲು ಹಿಡಿಯುತ್ತಿದ್ದೆ, ಬೈಯಿಸಿಕೊಳ್ಳುತ್ತಿದ್ದೆ, ಅವಳ ಮುಂದೆ ಕೂತು ಅತ್ತುಬಿಡುತ್ತಿದ್ದೆ. ಇಲ್ಲಿ ಯಾವುದು ಸರಿ, ಯಾವುದು ಅತಿ ಎಂದು ಗೊತ್ತಾಗಲಿಲ್ಲ. ಹೊರಗಿನವಳಾಗಿರುವುದೆಂದರೆ ಭಾಷೆ ಬಾರದಿರುವುದು ಎಂದು ತಿಳಿದಿದ್ದೆ. ದುಃಖದ ಮನೆಗೆ ಎಷ್ಟು ಹೊತ್ತಿಗೆ, ಯಾವ ಬಾಗಿಲಿನಿಂದ ಹೋಗಬೇಕು ಎಂದು ತಿಳಿಯದಿರುವುದೂ ಅದರಲ್ಲಿ ಸೇರಿದೆ.

ಕಾಲೇಜಿನಲ್ಲಿ ಪಾಠ ಮುಂದುವರಿಯಿತು. ನನ್ನ ನೋಟ್ಸಿನಲ್ಲಿ ಒಂದು ಅಕ್ಷರವೂ ಬದಲಾಗಲಿಲ್ಲ. ಇಗರ್ಜಿಯೊಳಗಿನ ನಾಟಕ ಬೀದಿಗೆ ಬಂದದ್ದು, ಗಾಡಿಗಳ ಮೇಲೆ ಊರ ಕಸುಬಿನವರೇ ಆಡುತ್ತಿದ್ದದ್ದು, ಪ್ರಳಯದ ಕತೆಯನ್ನು ಹಡಗು ಕಟ್ಟುವವರಿಗೋ ಮೀನುಗಾರರಿಗೋ ವಹಿಸುತ್ತಿದ್ದದ್ದು. ಇಟಲಿಯ ಅಲೆಮಾರಿ ತಂಡಗಳು. ಹುಡುಗರೇ ಹೆಣ್ಣಾಗುತ್ತಿದ್ದ ಇಂಗ್ಲೆಂಡು. ಆಮೇಲೆ ಫ್ರಾನ್ಸು: ಒಂದೇ ಜಾಗ, ಒಂದೇ ದಿನ, ಒಂದೇ ಕ್ರಿಯೆ, ಸಾವು ಮತ್ತೆ ಪರದೆಯ ಹಿಂದಕ್ಕೆ. ಮತ್ತೆ ಸುದ್ದಿ ತರುವವನ ಸರದಿ. ಅಲ್ಲಿಗೆ ಬಂದಾಗ ನನ್ನ ದನಿ ಸ್ವಲ್ಪ ತಡವರಿಸಿರಬೇಕು. ಕ್ಲಾಸು ಮುಗಿದ ಮೇಲೆ ದೀಪ್ತಿ ಟೇಬಲ್ಲಿನ ಹತ್ತಿರ ಬಂದು ನಿಂತಳು. ಅಂಕೋಲೆಯ ಕಡೆ ದೋಣಿ ಮಗುಚಿದ್ದು ಅವಳಿಗೂ ಗೊತ್ತಿತ್ತು, ಸುದ್ದಿ ಹೇಳಿದವಳು ನಾನೆಂಬುದು ಗೊತ್ತಿರಲಿಲ್ಲ.

"ಮೇಡಂ, ಆ ದೂತಂಗೆ ಆಮೇಲೆ ಎಂತಾ ಆಗ್ತದೆ?"

"ಆಮೇಲೆ ಅಂದ್ರೆ?"

"ಸುದ್ದಿ ಹೇಳಿದ್ಮೇಲೆ. ಅಂವಾ ಎಲ್ಲಿ ಹೋಗ್ತಾ?"

"ಒಳಗೆ ಹೋಗ್ತಾನೆ. ಅವನಿಗೆ ಆಮೇಲೆ ಕೆಲಸ ಇರೋದಿಲ್ಲ. ಸಾಮಾನ್ಯವಾಗಿ ಮತ್ತೆ ಬರೋದೂ ಇಲ್ಲ."

"ಅಷ್ಟೆಯಾ?" ಅಂದಳು. ದೂತ ಪುಣ್ಯ ಮಾಡಿದ್ದ ಅನ್ನಬೇಕು ಎಂದು ನನಗನ್ನಿಸಿತು. ಬಸ್ಸಿಗೆ ಹೊತ್ತಾಗಿತ್ತು. ಅದೇ ಓಣಿಗೆ ಹೋಗಬೇಕಿತ್ತು.

ಈಶ್ವರಣ್ಣ ಮತ್ತೆ ನೀರಿಗಿಳಿಯಲಿಲ್ಲ. ದಂಡೆಯವರೆಗೆ ಹೋಗಿ ತಿರುಗಿ ಬಂದುಬಿಡುತ್ತಿದ್ದ. ಸಂಬಂಧಿಕರೊಬ್ಬರು ಗೋವಾದಲ್ಲಿ ಕಟ್ಟಡವೊಂದರ ಕಾವಲಿನ ಕೆಲಸ ಹುಡುಕಿಕೊಟ್ಟರು. ಮಾಜಾಳಿಯವರ ಹಾಗೆ ದಿನವೂ ಹೋಗಿ ಬರಲು ಬೊಬ್ರುವಾಡದಿಂದ ಆಗದು. ಗಂಡ ಹೆಂಡತಿ ಅಲ್ಲೇ ಇರಲು ಹೊರಟರು. ಹೊರಡುವ ಬೆಳಿಗ್ಗೆ ಸುಲೋಚನಕ್ಕ ಮುಂದಿನ ಮನೆಯ ಬೀಗದ ಕೈಯನ್ನು ನನ್ನ ಕೈಗಿಟ್ಟಳು.

"ತುಳಸಿಗೆ ನೀರ್ ಹಾಕಿ. ಬಾವಿ ಪಂಪ್ ಶಬ್ದ ಬಂದ್ರೆ ಹೆದ್ರಬೇಡಿ, ಅದು ಹಂಗೇ. ಮತ್ತೆ ಗುಲಾಬಿ…" ರಸ್ತೆಯಾಚೆಯ ಮನೆಯ ಕಡೆ ನೋಡಿದಳು. "ಅದು ಒಂದೇ ಆಯ್ತು. ನೋಡ್ಕಣಿ."

ಹೀಗೆ, ದೂರದಿಂದ ಬಂದ ಬಾಡಿಗೆಯವಳು ಮನೆಯಲ್ಲಿ ಉಳಿದೆ, ಮನೆಯವರು ಊರು ಬಿಟ್ಟರು. ಕೆಲವು ದಿನಗಳ ಮೇಲೆ ಸುಲೋಚನಕ್ಕನ ಫೋನು. "ಇಲ್ಲಿ ಕೋಣಿ ಹುಡುಕೂದ್ರಲ್ಲೇ ಸಾಕಾಯ್ತು ಅಕ್ಕೋರೇ. ಒಬ್ಬಾಕೆ ನಂಗೆ ಮೀನ್ ತಿಂತ್ರಾ ಕೇಳಿ, ತಿಂತೆ ಅಂದಿದ್ದಕ್ಕೆ ಮನಿ ಇಲ್ಲ ಹೇಳ್ತು!" ಎಂದು ನಕ್ಕಳು. ನಾನೂ ನಕ್ಕೆ. ಆಕೆ ಮುಂದುವರಿಸಿದಳು: "ಅಂಕೋಲೆ ಹೇಳ್ರೆ ಯಾರಿಗೂ ಗೊತ್ತಾಗೂದಿಲ್ಲ ಇಲ್ಲಿ. ಕಾರವಾರದವ್ರು ಹೇಳ್ತೆ. ಹಂಗೇ ಹೇಳೂದ್ ರೂಢಿ ಆಯ್ತು."

ಗುಲಾಬಿಯನ್ನು ನೋಡಿಕೊಳ್ಳಿ ಎಂದಿದ್ದಳು. ಬಾಗಿಲು ತಟ್ಟಲು ನನಗೆ ಧೈರ್ಯವಿರಲಿಲ್ಲ. ಅವಳೇ ಬಂದಳು, ಒಂದು ಭಾನುವಾರ ಮಧ್ಯಾಹ್ನ. ನಾನು ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ಮಳೆ ಬಿಟ್ಟು ಹೊಳಪಿನ ಬಿಸಿಲು ಬಿದ್ದಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು, "ಎಂತಾ, ನಂಗೆ ಹೆದರ್ತ್ರಾ?" ಅಂದಳು.

"ಹೂಂ" ಅಂದೆ. ಸುಳ್ಳು ಹೇಳುವ ಶಕ್ತಿ ಇರಲಿಲ್ಲ. "ನಾ ಹಂಗ ಹೇಳಬಾರದಿತ್ತು ಗುಲಾಬಿ. ಖಾತ್ರಿ ಇಲ್ಲದೇ…"

"ಎಲ್ರೂ ಅದನ್ನೇ ಹೇಳ್ತ್ರು. ಪಾಂಡುರಂಗಣ್ಣ ತಪ್ಪ್ ನೋಡ್ದ, ಅಕ್ಕೋರು ತಪ್ಪ್ ಹೇಳಿದ್ರು, ಪಾಪ ಗುಲಾಬಿ ಹೇಳಿ." ಅವಳು ಕಲ್ಲಿನ ಮೇಲಿನ ಸೋಪಿನ ನೊರೆಯನ್ನು ಬೆರಳಿನಿಂದ ಒರೆಸಿದಳು. "ನಂಗೆ ಹಂಗೆ ಕಾಣೂದಿಲ್ಲ. ನೀವ್ ಸರಿಯಾಗಿ ಹೇಳಿದ್ರೆ ಅಂವ ಪೇಟೆಯಲ್ಲೇ ಸಾಯ್ತಿದ್ದ. ರಿಕ್ಷಾದಲ್ಲಿ ಬರೂ ಅಷ್ಟೊತ್ತೂ ನನ್ನ ಗಂಡ ಬದ್ಕೇ ಇದ್ದ ಅಕ್ಕೋರೇ. ಬದ್ಕಿದ್ದ ಅಷ್ಟೇ ಅಲ್ಲ. ಭಾವನ್ನ ಹುಡುಕೂಕೆ ಮತ್ತೆ ನೀರಿಗೆ ಹಾರಿದ್ದ. ನಾ ಕಣ್ಣಾರೆ ಕಂಡ ಹಂಗೆ ಕಂಡಿದ್ದೆ. ಈಗ್ಲೂ ಅದೇ ಕಾಣ್ತದೆ."

ಬಟ್ಟೆ ನನ್ನ ಕೈಯಲ್ಲೇ ಉಳಿಯಿತು. ಅವಳು ಎದ್ದು ಅದನ್ನು ಕಿತ್ತುಕೊಂಡು ತಾನೇ ಹಿಂಡಿ ದಾರಕ್ಕೆ ಹಾಕಿದಳು. "ಹಿಂಡೂಕೂ ಬರೂದಿಲ್ಲ ನಿಮಗೆ. ನೀರ್ ಹಂಗೇ ಇದೆ." ಒಳಗೆ ಬಂದು ಚಹಾ ಕುಡಿದಳು. ಮೋಹನನ ಮಾತು ಮತ್ತೆ ಎತ್ತಲಿಲ್ಲ. ಅಂದಿನಿಂದ ಅವಳ ಬಾಗಿಲು ಕೆಲವು ದಿನ ತೆರೆದಿರುತ್ತದೆ, ಕೆಲವು ದಿನ ಮುಚ್ಚಿರುತ್ತದೆ. ಎರಡಕ್ಕೂ ನಾನು ಈಗ ಅರ್ಥ ಹುಡುಕುವುದಿಲ್ಲ.

ಸೆಮಿಸ್ಟರಿನ ಕೊನೆಗೆ ರೊಮ್ಯಾಂಟಿಕರು ಬಂದರು. ಹಳೆಯ ಕಟ್ಟುಗಳನ್ನೆಲ್ಲ ಕಿತ್ತೆಸೆದವರು. ರಂಗದ ಮೇಲೆ ಬೆಳದಿಂಗಳು, ಗುಡುಗು, ಪಾಳುಕೋಟೆ, ಹಡಗು ಒಡೆಯುವ ಬಿರುಗಾಳಿ. ಬಟ್ಟೆಯ ತೆರೆಗಳನ್ನು ಎರಡೂ ಬದಿಯಿಂದ ಕುಲುಕಿಸಿ ಸಮುದ್ರ ತೋರಿಸುತ್ತಿದ್ದರು, ಜನ ಮೈಮರೆತು ನೋಡುತ್ತಿದ್ದರು ಎಂದು ಓದಿ ಹೇಳಿದೆ. ಹಿಂದಿನ ಬೆಂಚಿನ ಅದೇ ಹುಡುಗ, "ಈಗ ಬಂತು ನೋಡಿ ಮೇಡಂ ಮಜಾ" ಅಂದ. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಸಮುದ್ರದಿಂದ ದೂರವಿದ್ದವರಿಗೆ ಬಿರುಗಾಳಿ ಚಂದವೇ. ಮಾನ್ವಿಯಲ್ಲಿ ನಾನೂ ಈ ಪಾಠವನ್ನು ಬಹಳ ಹುರುಪಿನಿಂದ ಮಾಡುತ್ತಿದ್ದೆ. ಅಲ್ಲಿ ಮಳೆ ಬಂದರೆ ಮಕ್ಕಳು ಕಿಟಕಿಗೆ ಓಡಿ ಕುಣಿಯುತ್ತಿದ್ದರು. ಇಲ್ಲಿಯ ಮಕ್ಕಳು ಮಳೆಗೆ ತಲೆ ಎತ್ತುವುದೇ ಇಲ್ಲ. ಪಾಠ ಮುಗಿಸಿ ಪುಸ್ತಕ ಮುಚ್ಚಿದೆ. ದೀಪ್ತಿ ಕೊನೆಯ ಸಾಲಿಗೂ ಗೆರೆ ಎಳೆದಳು.

ಆ ಹೊತ್ತಿಗೆ ತಮ್ಮ ಫೋನ್ ಮಾಡಿದ. ನಮ್ಮ ಕಡೆಯ ಒಂದು ಕಾಲೇಜಿನಲ್ಲಿ ಜಾಗ ಖಾಲಿ ಇದೆಯಂತೆ. "ಅಲ್ಯಾಕ ಒಬ್ಬಾಕಿ ಒದ್ದಾಡ್ತಿ ಅಕ್ಕಾ? ಬಂದ್ಬಿಡು. ಒಮ್ಮೆ ಬಂದು ಅವರಿಗೆ ಭೆಟ್ಟಿಯಾಗು." ದೀಪಾವಳಿಗೆ ಹೋದೆ. ಕಾಲೇಜಿನವರನ್ನು ಕಂಡೆ. ಬರುವ ಜೂನಿಗೆ ಬನ್ನಿ ಎಂದರು, ಯೋಚನೆ ಮಾಡಿ ತಿಳಿಸುತ್ತೇನೆ ಎಂದೆ. ಮನೆಯಲ್ಲಿ ನಾದಿನಿ ತೆಳ್ಳಗಿನ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ಹೊಟ್ಟೆತುಂಬ ಉಂಡೆ. ಉಂಡು ಕೈ ತೊಳೆದು, ಸಾಯಂಕಾಲ ಗಂಜಿ ಇದ್ದರೆ ಸಾಕು ಅಂದೆನಂತೆ. ಎಲ್ಲರೂ ನಕ್ಕರು. ಒಂದು ಮಧ್ಯಾಹ್ನ ಗಾಳಿ ಎದ್ದು ಕಿಟಕಿ ಬಡಿದಾಗ ಎದ್ದು ಕೂತೆ. ಯಾರು ಯಾರು ಸಮುದ್ರಕ್ಕೆ ಹೋಗಿದ್ದಾರೋ ಎಂದು ಬಾಗಿಲಿಗೆ ಓಡಿದೆ. ಹೊರಗೆ ಹತ್ತಿಯ ಹೊಲ, ಅದರಾಚೆ ಒಣ ಹಳ್ಳ. ಯಾರೂ ಎಲ್ಲಿಗೂ ಹೋಗಿರಲಿಲ್ಲ.

ನಾದಿನಿ ನನ್ನ ದನಿಯೂ ಬದಲಾಗಿದೆ ಅಂದಳು. ಜೋರಾಗಿ ಮಾತಾಡುತ್ತೇನಂತೆ. ಮಗು ಮಲಗಿದೆ ಎಂದು ಎರಡು ಸಲ ಸನ್ನೆ ಮಾಡಿದಳು.

ವಾಪಸು ಬರುವಾಗ ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕು. ಬ್ಯಾಗು ಕಾಲಡಿ ಇಟ್ಟು ಬೆಂಚಿನ ಮೇಲೆ ಕೂತಿದ್ದೆ. ರಾಯಚೂರಿನ ಬಸ್ಸೊಂದು ಆಗಷ್ಟೇ ಹಿಂದಕ್ಕೆ ಸರಿದು ಹೊರಟಿತ್ತು, ಅದರ ಧೂಳು ಇನ್ನೂ ಇಳಿದಿರಲಿಲ್ಲ. ಫೋನು ಬಂತು. ಗುಲಾಬಿ.

"ಅಕ್ಕೋರೇ, ಎಲ್ಲಿದ್ರಿ?"

"ಹುಬ್ಬಳ್ಳಿ. ಊರಿಗೆ ಹೊಂಟೀನಿ."

"ಯಾವ್ ಊರಿಗೆ?"

ನಾನು ತಲೆ ಎತ್ತಿದೆ. ಎದುರಿಗೆ ನಾನು ಹತ್ತಬೇಕಾದ ಬಸ್ಸು ಬಂದು ನಿಲ್ಲುತ್ತಿತ್ತು.

"ಬೋರ್ಡಿನ್ಯಾಗ ಕಾರವಾರ ಹೇಳಿ ಬರ್ದದ" ಎಂದೆ.